ಮುದ್ದೆ ಟೀವಿಗೆ ಬಂದದ್ದು

ಚಿನ್ನಿ, ಗುಂಡ, ನಿನ್ನೆ ಸಂಜೆ ಟೀವಿಯಲ್ಲಿ ಅಡುಗೆಭಟ್ಟರ ಕಾರ್ಟೂನು ಬರುತ್ತಿದ್ದಾಗ ನೀವಿಬ್ಬರೂ ಸೋಫಾದ ಮೇಲೆ ಕುಣಿಯುತ್ತಾ, "ಅಜ್ಜಿ, ಜಲ್ದಿ ಬಾ, ನಿನ್ನ ಮುದ್ದೆ ಬಂತು!" ಎಂದು ಕೂಗಿದಿರಿ. ನಾನು ಒಲೆ ಆರಿಸಿ ಬರುವಷ್ಟರಲ್ಲಿ ಮುಗಿದೇಹೋಗಿತ್ತು. ಆಮೇಲೆ ಗುಂಡ ಕೇಳಿದ, ಅದು ಅಜ್ಜಿಯ ಮುದ್ದೆ ಹೇಗಾಯಿತು ಎಂದು. ನಾನು ನಕ್ಕು ಸುಮ್ಮನಾದೆ. ಎದುರಿಗೆ ಜನ ಕೂತು ಮುಖ ನೋಡುತ್ತಿದ್ದರೆ ನನಗೆ ಮಾತು ಬರುವುದಿಲ್ಲ. ನೀವು ಮಕ್ಕಳಾದರೂ ಅಷ್ಟೇ. ಬರೆಯುವಾಗ ಎದುರಿಗೆ ಯಾರೂ ಇರುವುದಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ. ನಾನು ನಮ್ಮೂರ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದವಳು. ತಪ್ಪಿದ್ದರೆ ನಿಮ್ಮಮ್ಮ ತಿದ್ದಿ ಓದಿ ಹೇಳಲಿ.

ಆ ಕಾರ್ಟೂನು ನಿಮಗೆ ಗೊತ್ತಿರುವುದೇ. ಒಂದು ಹೋಟೆಲು, ಬಿಳಿ ಟೋಪಿಯ ಮೂವರು ಭಟ್ಟರು. ದಿನಕ್ಕೊಂದು ತಿಂಡಿಗೆ ಜೀವ ಬರುತ್ತದೆ. ಈರುಳ್ಳಿ ಭಟ್ಟರನ್ನು ಅಳಿಸಿ ಅವರ ಟೋಪಿ ಕದ್ದು ಓಡುತ್ತದೆ. ಲುಚಿ, ಅಂದರೆ ಇಲ್ಲಿಯ ಬಂಗಾಳಿಗಳ ಬಿಳಿ ಪೂರಿ, ಉಬ್ಬಿ ಉಬ್ಬಿ ಒಬ್ಬ ಭಟ್ಟನನ್ನು ಸೂರಿಗೆ ಎತ್ತಿಕೊಂಡು ಹೋಗುತ್ತದೆ. ಮೂವರೂ ಸೌಟು, ಚಾಕು ಹಿಡಿದು ಬೆನ್ನಟ್ಟಿ, ಬಿದ್ದು ಎದ್ದು, ಕೊನೆಗೆ ಹೇಗೋ ತಟ್ಟೆಗೆ ಹಾಕಿಕೊಳ್ಳುತ್ತಾರೆ. ನಿಮ್ಮಮ್ಮನ ಆಫೀಸಿನಲ್ಲಿ ಮಾಡುವ ಚಿತ್ರ ಅದು.

ನಿಜ ಹೇಳುತ್ತೇನೆ, ಮೊದಲು ನನಗೆ ಅದು ಹಿಡಿಸಿರಲಿಲ್ಲ. ನಮ್ಮಲ್ಲಿ ಅನ್ನದ ಅಗುಳು ಕಾಲಿಗೆ ತಾಕಿದರೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇವೆ. ಇಲ್ಲಿ ನೋಡಿದರೆ ತಿನ್ನುವ ಪದಾರ್ಥಕ್ಕೆ ಒದೆ. ಆದರೆ ಅದನ್ನು ನೋಡುತ್ತಾ ನೀವು ಪಡವಲಕಾಯಿ ಪಲ್ಯವನ್ನೂ ಮರುಮಾತಿಲ್ಲದೆ ತಿನ್ನುತ್ತಿದ್ದಿರಿ. ಆಮೇಲೆ ನಾನೂ ತರಕಾರಿ ಹೆಚ್ಚುವಾಗ ಬದನೆಕಾಯಿಯ ಮುಖ ನೋಡತೊಡಗಿದೆ.

ಎಷ್ಟೋ ವರ್ಷ ನಿಮ್ಮಮ್ಮ ಅಲ್ಲಿ ಬೇರೆಯವರ ಕಥೆಗೆ ಕೈ, ಕಾಲು, ಹಬೆ, ಹೊಗೆ ಬರೆದಳು. ಕಥೆ ಇನ್ನೊಬ್ಬರದು, ಹೆಸರು ಇನ್ನೊಬ್ಬರದು. ಗುಂಡ ಮೂರು ವರ್ಷದವನಿದ್ದಾಗ ಒಂದು ದಿನ ಅವಳು ಚಪ್ಪಲಿಯನ್ನೂ ಬಿಡದೆ ಒಳಗೆ ಓಡಿಬಂದು ನನ್ನನ್ನು ತಬ್ಬಿಕೊಂಡಳು.

"ಅವ್ವಾ, ಒಂದು ಕಥೆ ನಂಗೆ ಬಿಟ್ಟಿದಾರೆ! ನಿಮ್ಮೂರ ತಿಂಡಿ ಯಾವುದಾದ್ರೂ ತಗೋ ಅಂದ್ರು. ಮುದ್ದೆ ಅಂದೆ."

"ಮುದ್ದೆ ಯಾಕವ್ವಾ? ಅದಕ್ಕೇನು ಚಂದ? ಹೋಳಿಗೆ ಅನ್ನಬಾರದಾಗಿತ್ತಾ?"

"ಹೋಳಿಗೆ ಜಗಳ ಆಡತ್ತಾ? ಮುದ್ದೆ ನೋಡು, ಪೈಲ್ವಾನ್ ಇದ್ದಂಗಿದೆ."

ಅವಳ ಮೇಲಿನವರನ್ನು ಎಲ್ಲರೂ ದಾದಾ, ಅಂದರೆ ಅಣ್ಣ, ಎನ್ನುತ್ತಾರೆ. ಬಂಗಾಳದವರು, ದೊಡ್ಡ ಕನ್ನಡಕ, ಒಳ್ಳೆಯ ಮನುಷ್ಯ. ಆದರೆ ಕೆಲಸದಲ್ಲಿ ಬಿಗಿ. ಕಥೆಯ ಕರಡು ಚಿತ್ರ ತೋರಿಸಬೇಕು, ಕೂತವರು ನಗಬೇಕು, ನಗದಿದ್ದರೆ ಅದನ್ನು ಕೈಬಿಟ್ಟು ಬೇರೊಬ್ಬರ ಮೀನಿನ ಕಥೆ ಮಾಡುತ್ತೇನೆ ಎಂದಿದ್ದರು. ಒಮ್ಮೆ ಕೈತಪ್ಪಿದರೆ ಮತ್ತೆ ಹೊಗೆ, ಹಬೆ ಬರೆಯುವುದೇ ಎಂದು ನಿಮ್ಮಮ್ಮನಿಗೆ ಗೊತ್ತಿತ್ತು.

ಮೂರು ವಾರ ಕೂತು ಬರೆದಳು. ತೋರಿಸುವ ಹಿಂದಿನ ದಿನ ಸಂಜೆ ನಮ್ಮನ್ನೆಲ್ಲ ಲ್ಯಾಪ್‌ಟಾಪ್ ಮುಂದೆ ಕೂರಿಸಿದಳು. ಮುದ್ದೆಗೆ ದುಂಡು ಕಣ್ಣು, ಗಿರಿಜಾ ಮೀಸೆ. ಭಟ್ಟ ಚಾಕು ತೆಗೆದು ಅದನ್ನು ಕಚಕಚ ಆರು ಹೋಳು ಮಾಡಿದ. ಹೋಳುಗಳು ಆರು ಮರಿಮುದ್ದೆಗಳಾಗಿ ಓಡಿದವು. ಭಟ್ಟ ಅವನ್ನು ಹಿಡಿದು ಫೋರ್ಕಿನಿಂದ ಚುಚ್ಚಿ ಬಾಯಿಗೆ ಹಾಕಿಕೊಂಡು ಕರಕರ ಅಗಿದ. ಮುಗಿಯಿತು.

ಯಾರೂ ನಗಲಿಲ್ಲ. ಚಿನ್ನಿ, ನೀನು ಆಕಳಿಸಿ, "ಮಮ್ಮಾ, ಇದು ಕೇಕ್ ಥರ ಇದೆ. ಬೋರಿಂಗ್," ಎಂದೆ. ನಿಮ್ಮಪ್ಪ, "ಬಣ್ಣ ಚೆನ್ನಾಗಿ ಬಂದಿದೆ," ಎಂದರು. ನಿಮ್ಮಮ್ಮ ನನ್ನ ಕಡೆ ನೋಡಿದಳು.

ತಪ್ಪು ನನಗೆ ಕಂಡಿತ್ತು. ಮುದ್ದೆಯನ್ನು ಯಾರಾದರೂ ಚಾಕುವಿನಲ್ಲಿ ಹೆಚ್ಚುತ್ತಾರೆಯೇ? ಅದು ಹಾಗೆ ಕಚಕಚ ಕತ್ತರಿಸಿಕೊಳ್ಳುತ್ತದೆಯೇ? ಅದನ್ನು ಅಗಿದವರು ಉಂಟೇ? ಎಲ್ಲ ನಾಲಿಗೆಯ ತುದಿಗೆ ಬಂತು. ಆದರೆ ಕಂಪ್ಯೂಟರಿನ ವಿಷಯ, ಓದಿದವರ ಕೆಲಸ, ನಾನೇನು ಹೇಳುವುದು ಎನಿಸಿತು. ನಿಮ್ಮ ತಾತ ಇರುವವರೆಗೂ ರೇಷನ್ ಅಂಗಡಿಯಲ್ಲೂ ಬ್ಯಾಂಕಿನಲ್ಲೂ ನನ್ನ ಪರವಾಗಿ ಅವರೇ ಮಾತಾಡುತ್ತಿದ್ದರು. ನಾನು ಅವರ ಬೆನ್ನ ಹಿಂದೆ ನಿಂತಿರುತ್ತಿದ್ದೆ. ಅವರು ಹೋದ ಮೇಲೂ ಆ ಅಭ್ಯಾಸ ಹೋಗಲಿಲ್ಲ.

"ಚೆನ್ನಾಗದೆ ಕಣವ್ವಾ," ಎಂದುಬಿಟ್ಟೆ.

ಮರುದಿನ ಶುಕ್ರವಾರ. ಹೋದವಳು ಮಧ್ಯಾಹ್ನಕ್ಕೇ ಬಂದಳು. ಚೀಲ ಪಕ್ಕಕ್ಕೆಸೆದು ಕುರ್ಚಿಯಲ್ಲಿ ಕೂತಳು. ಆಮೇಲೆ ಹೇಳಿದಳು. ಹನ್ನೊಂದು ಜನ ಕೂತಿದ್ದರಂತೆ, ಒಬ್ಬರೂ ನಗಲಿಲ್ಲವಂತೆ. ಸೋಮವಾರದೊಳಗೆ ಬೇರೆ ಏನಾದರೂ ತೋಚಿದರೆ ಹೇಳು, ಇಲ್ಲದಿದ್ದರೆ ಮೀನು, ಎಂದರಂತೆ ದಾದಾ.

ಅವಳು ನನ್ನನ್ನು ನೋಡಿದ್ದಳು, ನಾನು ಸುಳ್ಳು ಹೇಳಿದ್ದೆ.

ಶನಿವಾರ ಬೆಳಗ್ಗೆ ಊರಿನಿಂದ ತಂದಿದ್ದ ರಾಗಿಹಿಟ್ಟಿನ ಡಬ್ಬ ತೆಗೆದು, ಎಸರಿಟ್ಟು, ಅವಳನ್ನು ಕರೆದೆ.

"ನೀನು ಯಾವತ್ತಾದರೂ ಹಿಟ್ಟು ತೊಳಸಿದ್ದೀಯೇನೇ?"

"ಎಲ್ಲಿ ಬಿಟ್ಟೆ ನೀನು? ಒಲೆ ಹತ್ರ ಬಂದ್ರೆ, ಹೋಗು ಓದ್ಕೋ ಹೋಗು ಅಂತ ಅಟ್ತಿದ್ದೆ."

ಅದು ನಿಜ. ನಾನು ಓದು ಬಿಟ್ಟಿದ್ದೇ ಒಲೆ ಮುಂದೆ ಕೂರಲು. ಅವಳಿಗೆ ಹಾಗಾಗಬಾರದು ಎಂದು ಅಡುಗೆಮನೆಗೆ ಬಿಟ್ಟುಕೊಂಡಿರಲಿಲ್ಲ. ಕಟ್ಟಿದ ಮುದ್ದೆ ತಟ್ಟೆಗೆ ಬೀಳುವುದನ್ನಷ್ಟೇ ಅವಳು ಕಂಡದ್ದು.

"ಇವತ್ತು ತೊಳಸು," ಎಂದು ಮುದ್ದೆಕೋಲು ಕೈಗೆ ಕೊಟ್ಟೆ.

ಎಸರಿಗೆ ಹಿಟ್ಟು ಹಾಕಿ ಬೇಯಿಸಿ ಪಾತ್ರೆ ಕೆಳಗಿಳಿಸಿದೆವು. ಅವಳು ಕೋಲು ಹಾಕಿ ತಿರುಗಿಸಿದರೆ ಹಿಟ್ಟು ತಿರುಗಲಿಲ್ಲ, ಪಾತ್ರೆಯೇ ಗಿರ್ರನೆ ತಿರುಗಿತು. ಪಾತ್ರೆಯ ಹಿಂದೆ ಅವಳೂ ಸುತ್ತಿದಳು. "ಬಟ್ಟೆ ಹಾಕಿ ಕಾಲಲ್ಲಿ ಒತ್ತಿಹಿಡ್ಕೋ," ಎಂದೆ. ಒತ್ತಿದಳು. ಈಗ ಕೋಲು ಹಿಟ್ಟಿನಲ್ಲಿ ಕಚ್ಚಿಕೊಂಡು ಎಳೆದರೂ ಬರಲಿಲ್ಲ. ಎಳೆದು ಎಳೆದು ಹಿಂದಕ್ಕೆ ಬಿದ್ದಳು. ಕೊನೆಗೆ ಕಟ್ಟಲು ಹೋಗಿ ಒಣಗೈ ಹಾಕಿದಳು. ಬಲಗೈಗೆ ಅಂಟಿತು. ಅದನ್ನು ಬಿಡಿಸಲು ಹೋದ ಎಡಗೈಗೂ ಅಂಟಿತು. ಮೂಗು ತುರಿಸಿತೆಂದು ಮುಟ್ಟಿಕೊಂಡಳು, ಮೂಗಿಗೂ ಅಂಟಿತು.

ನೀವಿಬ್ಬರೂ ಬಾಗಿಲಲ್ಲಿ ನಿಂತು ಕಿಸಕಿಸ ಎನ್ನುತ್ತಿದ್ದವರು ನೆಲದ ಮೇಲೆ ಬಿದ್ದು ಹೊರಳಾಡಿ ನಕ್ಕಿರಿ. "ಮಮ್ಮಾ ಹಾರ್ ಗಯೀ! ಮುದ್ದೆ ಜೀತ್ ಗಯಾ!" ಎಂದು, ಅಮ್ಮ ಸೋತು ಮುದ್ದೆ ಗೆದ್ದದ್ದಕ್ಕೆ ಗುಂಡ ಚಪ್ಪಾಳೆ ತಟ್ಟಿದ.

ನಾನು ಬಟ್ಟಲಿನ ನೀರಿನಲ್ಲಿ ಕೈ ಅದ್ದಿ, ಹಿಟ್ಟು ತೆಗೆದುಕೊಂಡು ಎರಡು ಸುತ್ತು ಉರುಳಿಸಿದೆ. ಮುದ್ದೆ ದುಂಡಗೆ, ನುಣ್ಣಗೆ, ಸಾಧುವಾಗಿ ತಟ್ಟೆಯಲ್ಲಿ ಕೂತಿತು. ನಿಮ್ಮಮ್ಮ ಮೂಗಿನ ಮೇಲೆ ಹಿಟ್ಟಿಟ್ಟುಕೊಂಡೇ ಅದನ್ನು ನೋಡುತ್ತಾ ನಿಂತಳು.

"ಇಷ್ಟೇನಾ? ಬರೀ ನೀರಾ?"

"ಇಷ್ಟೇ. ಮತ್ತೆ ಅದನ್ನು ಅಗಿಯೋ ಹಾಗಿಲ್ಲ. ಸಾರಲ್ಲಿ ಅದ್ದಿ ನುಂಗಬೇಕು. ಅಗಿದ್ರೆ ಹಲ್ಲಿಗೆ ಮೆತ್ತಿಕೊಂಡು ಬಾಯೇ ಬಿಡೋಕಾಗಲ್ಲ."

ಅವಳು ಕೈ ತೊಳೆಯದೆ ಪೆನ್ಸಿಲ್ ಹುಡುಕಲು ಓಡಿದಳು. ಭಾನುವಾರವೆಲ್ಲ ಕೂತು ಒಂದಷ್ಟು ಗೀಚಿದಳು, ಸಂಜೆ ನನ್ನ ಹತ್ತಿರ ಬಂದಳು.

"ಎರಡು ದಿನದಲ್ಲಿ ಚಿತ್ರ ಓಡಿಸೋಕಾಗಲ್ಲ ಅವ್ವಾ. ಬಾಯಲ್ಲಿ ಹೇಳಿದ್ರೆ ಅವರಿಗೆ ಅರ್ಥ ಆಗಲ್ಲ. ನಾಳೆ ನೀನು ಬಂದು ಅಲ್ಲಿ ತೊಳಸಬೇಕು."

"ನಾನಾ? ಅಷ್ಟು ಜನದ ಮುಂದೆ? ಸುಮ್ನಿರು ತಾಯಿ."

"ನೀನು ಬರಲಿಲ್ಲ ಅಂದ್ರೆ ಮೀನು."

ಸೋಮವಾರ ದಕ್ಷಿಣೇಶ್ವರದಲ್ಲಿ ಮೆಟ್ರೋ ಹತ್ತುವಾಗ ಚೀಲ ತಪಾಸಣೆ ಮಾಡುವವನು ನನ್ನ ಕೋಲನ್ನು ಎತ್ತಿ ಹಿಡಿದು, "ಮಾಸಿಮಾ, ಯಾರನ್ನು ಹೊಡೆಯೋಕೆ ಹೊರಟಿದ್ದೀರಿ?" ಎಂದು ಹಿಂದಿಯಲ್ಲಿ ಕೇಳಿದ. ಮಾಸಿಮಾ ಅಂದರೆ ಇಲ್ಲಿ ಚಿಕ್ಕಮ್ಮ. ನಾನು ನಿಮ್ಮಮ್ಮನ ಹಿಂದೆ ಸರಿದೆ. "ನಮ್ಮ ದಾದಾನ್ನ," ಎಂದಳು ಅವಳು. ಅವನು ನಕ್ಕು ಒಳಗೆ ಬಿಟ್ಟ. ಎಸ್ಪ್ಲನೇಡ್ ಬರುವವರೆಗೆ ನಾನು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಬಾಗಿಲು ತೆರೆದಾಗಲೆಲ್ಲ ಇಳಿದು ವಾಪಸ್ಸು ಹೋಗಿಬಿಡಲೇ ಎಂದುಕೊಳ್ಳುತ್ತಿದ್ದೆ.

ಆಫೀಸಿನಲ್ಲಿ ಟೀ ಮಾಡುವ ಕೋಣೆಯ ಕರೆಂಟ್ ಒಲೆಯ ಮೇಲೆ ಎಸರಿಟ್ಟೆ. ಹುಡುಗ ಹುಡುಗಿಯರೆಲ್ಲ ಬಂದು ಸುತ್ತ ನಿಂತರು. ನಾನು ತಲೆ ಎತ್ತಲಿಲ್ಲ. ಎಸರಿಗೆ ಸುರಿಯುವಾಗ ಹಿಟ್ಟು ಒಂದಿಷ್ಟು ಹೊರಗೆ ಚೆಲ್ಲಿತು. ನೆಲದ ಮೇಲೆ ಕೂತು ಪಾತ್ರೆಗೆ ಕಾಲು ಕೊಟ್ಟು ತೊಳಸತೊಡಗಿದ ಮೇಲೆ ಸ್ವಲ್ಪ ಸರಿಹೋದೆ. ಅದು ಐವತ್ತು ವರ್ಷದ ಕೆಲಸ. ಅದಕ್ಕೆ ನಾಚಿಕೆ ಗೊತ್ತಿಲ್ಲ.

ದಾದಾ ಕುರ್ಚಿ ಬಿಟ್ಟು ಎದುರಿಗೆ ಕೂತರು. "ಮಾಸಿಮಾ, ನಮ್ಮ ಮನೇಲಿ ಲುಚಿ ಹಿಟ್ಟು ಕಲೆಸೋನು ನಾನೇ. ಇದೇನು ಮಹಾ!" ಎಂದು ಹಿಂದಿಯಲ್ಲಿ ಹೇಳಿ ಅಂಗಿಯ ತೋಳು ಮಡಚಿದರು. ನಿಮ್ಮಮ್ಮ ತಡೆಯಲಿಲ್ಲ. ನಾನು ಬೇಡ ಎನ್ನಬೇಕೆಂದು ತಲೆ ಎತ್ತಿದೆ. ಅಷ್ಟರಲ್ಲಿ ಅವರು ಒಣಗೈಯನ್ನು ಬಿಸಿ ಹಿಟ್ಟಿಗೆ ಹಾಕಿಯೇಬಿಟ್ಟರು.

"ಉಫ್! ಅರೇ ಬಾಬಾ!" ಕೈ ಕೊಡವಿದರು. ಬಿಡಲಿಲ್ಲ. ಇನ್ನೊಂದು ಕೈ ತಂದರು, ಅದೂ ಸಿಕ್ಕಿಕೊಂಡಿತು. ಕನ್ನಡಕ ಜಾರಿತು, ಅದನ್ನು ಹಿಡಿಯಲು ಹೋದರು, ಕನ್ನಡಕಕ್ಕೂ ಮೆತ್ತಿತು. ಹುಡುಗರೆಲ್ಲ ಗೋಡೆಗೆ ಒರಗಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನನಗೆ ನಗು ಬರಲಿಲ್ಲ, ಆ ಬಿಸಿ ನನಗೆ ಗೊತ್ತು.

"ಜೋಲ್! ಜೋಲ್!" ಎಂದು ಕೂಗಿದೆ. ನೀರಿಗೆ ಇಲ್ಲಿಯವರು ಹಾಗೆನ್ನುತ್ತಾರೆ. ಅಷ್ಟು ಜನರ ನಡುವೆ ನನ್ನ ದನಿ ನನಗೇ ಬೇರೆ ಯಾರದೋ ಎಂಬಂತೆ ಕೇಳಿಸಿತು. ನೀರು ಏಕೆಂದು ಅವರಿಗೆ ತಿಳಿಯಲಿಲ್ಲ. ನಾನು ಅವರ ಮಣಿಕಟ್ಟು ಹಿಡಿದು ಎಳೆದು ನೀರಿನ ಬಟ್ಟಲಿಗೆ ಅದ್ದಿದೆ. ಪರಗಂಡಸಿನ ಕೈಯನ್ನು ನಾನು ಹಿಡಿದದ್ದು ಅದೇ ಮೊದಲು. ಆಮೇಲೆ ಆ ಒದ್ದೆ ಕೈಯಿಂದಲೇ ಒಂದು ಮುದ್ದೆ ಕಟ್ಟಿಸಿದೆ. ಸೊಟ್ಟಗಿತ್ತು, ಆದರೆ ಮುದ್ದೆಯೇ.

ಅವರು ಅದನ್ನು ಹಿಡಿದುಕೊಂಡು ನಿಮ್ಮಮ್ಮನ ಕಡೆ ತಿರುಗಿದರು. "ಮೂರು ಭಟ್ಟರು, ಅಷ್ಟೊಂದು ಚಾಕು, ಕೊನೆಗೆ ಗೆಲ್ಲೋದು ಒಂದು ಬಟ್ಟಲು ನೀರು. ಹೀಗೆ ಮಾಡು. ಎಷ್ಟು ದಿನ ಬೇಕು?"

"ಎರಡು ವಾರ, ದಾದಾ."

"ಮೂರು ತಗೋ. ಮೀನು ಕಾಯಲಿ."

ಹಾಗೆ ಹುಟ್ಟಿದ್ದೇ ನಿನ್ನೆ ಟೀವಿಗೆ ಬಂದ ಮುದ್ದೆ. ವಾಪಸ್ಸು ಬರುವಾಗ ಮೆಟ್ರೋದಲ್ಲಿ ನಾನು ಹೊಗಳಿಕೆಗೆ ಕಾಯುತ್ತಿದ್ದೆನೇನೋ. ಅವಳು ಬೇರೆಯೇ ಕೇಳಿದಳು.

"ಅವ್ವಾ, ಮೊದಲನೇ ದಿನ ನೋಡ್ದಾಗ್ಲೇ ನಿಂಗೆ ತಪ್ಪು ಗೊತ್ತಾಗಿತ್ತು, ಅಲ್ವಾ?"

"ಹೂಂ."

"ಮತ್ತೆ ಚೆನ್ನಾಗಿದೆ ಅಂದೆ."

"ನೀನು ಓದಿದೋಳು. ನಾನು ಏನು ಹೇಳೋದು ಅಂತ..."

"ನಾನು ನಿನ್ನ ಮುಖ ನೋಡಿದ್ದು ಅದಕ್ಕೇ. ಬಾಕಿಯವರು ಏನಂದ್ರೂ ನಂಗೆ ಲೆಕ್ಕ ಇರಲಿಲ್ಲ." ಮುಖ ತಿರುಗಿಸಿಕೊಂಡಳು. ದಮ್‌ದಮ್ ಹತ್ತಿರ ರೈಲು ನೆಲದೊಳಗಿಂದ ಬೆಳಕಿಗೆ ಏರಿತು. ಆಮೇಲೆ, "ಇನ್ಮೇಲೆ ಹೇಳು. ತಪ್ಪಾದ್ರೂ ಹೇಳು," ಎಂದು ನನ್ನ ಭುಜಕ್ಕೆ ತಲೆಯಿಟ್ಟಳು.

ಅಂದಿನಿಂದ ಅವಳಿಗೆ ಹೇಳುತ್ತಿದ್ದೇನೆ. ಒಂದೊಂದು ಸಲ ನನ್ನ ಮಾತು ಒಪ್ಪುವುದಿಲ್ಲ, ಜಗಳವೂ ಆಗುತ್ತದೆ. ಅದು ಚೆನ್ನಾಗಿಯೇ ಇದೆ. ಬೇರೆಯವರ ಮುಂದೆ ಇನ್ನೂ ಮಾತು ಬರುವುದಿಲ್ಲ. ನಿಮ್ಮ ಮುಂದೆಯೂ ಎಷ್ಟೋ ಹೇಳದೆ ಉಳಿದಿದೆ, ಅದನ್ನೆಲ್ಲ ಹೀಗೆ ಬರೆದಿಡಲು ನೋಡುತ್ತೇನೆ.

ನಿಮಗೆ ಕನ್ನಡ ಕೇಳಿದರೆ ಗೊತ್ತಾಗುತ್ತದೆ, ಓದಲು ಇನ್ನೂ ಬರುವುದಿಲ್ಲ. ಬರುವವರೆಗೆ ಈ ಹಾಳೆಗಳು ಉಳಿಯಬೇಕು. ಈ ಊರಿನ ಮಳೆಗಾಲಕ್ಕೆ ಕಾಗದ ಬೂಸ್ಟು ಹಿಡಿಯುತ್ತದೆ. ಪ್ಲಾಸ್ಟಿಕ್ ಕವರಿಗೆ ಹಾಕಿ, ಒಣಗಿದ ಬೇವಿನೆಲೆ ಇಟ್ಟು, ಬೀರುವಿನ ಮೇಲಿನ ಖಾನೆಯಲ್ಲಿಡಿ. ಯಾರು ಇಟ್ಟುಕೊಳ್ಳುವುದು ಎಂದು ಇಬ್ಬರೂ ಕಿತ್ತಾಡಿ ಹರಿಯಬೇಡಿ, ಮಕ್ಕಳೇ.