ಆಯಿಯ ಅಂಕಿತ

ಪತ್ರಿಕೆಯಲ್ಲಿ ‘ಮಸೂದೆಗೆ ರಾಜ್ಯಪಾಲರ ಅಂಕಿತ’ ಎಂಬ ಸುದ್ದಿ ಕಂಡಾಗಲೆಲ್ಲ ನನಗೆ ನಗು ಬರುತ್ತದೆ. ರಾಜ್ಯಶಾಸ್ತ್ರ ಓದಿದವಳು ನಾನಲ್ಲ. ಓದಿದ್ದರೆ ಬಹುಶಃ ಇಷ್ಟು ಅರ್ಥವೂ ಆಗುತ್ತಿರಲಿಲ್ಲ. ಸರಕಾರದ ರಚನೆಯನ್ನು ನಾನು ಕಲಿತದ್ದು ಯಲಬುರ್ಗಿಯ ನಮ್ಮ ಮನೆಯ ಪಡಸಾಲೆಯಲ್ಲಿ, ನಿಜಾಮರ ಸಂಸ್ಥಾನ ಭಾರತಕ್ಕೆ ಸೇರಿದ ಮರುವರ್ಷದ ಚಳಿಗಾಲದಲ್ಲಿ. ನನ್ನ ನಾಲ್ಕನೆಯ ತರಗತಿ ಮುಗಿದು, ಓದಿಗೇ ಪೂರ್ಣವಿರಾಮ ಬಿದ್ದಿದ್ದ ಹೊತ್ತು ಅದು.

ವಿರಾಮ ಹಾಕಿದವಳು ಆಯಿ, ಅಪ್ಪನ ತಾಯಿ. ಅಜ್ಜ ತೀರಿದಂದಿನಿಂದ ಬೀಗ, ಬಿತ್ತನೆ, ಬೀಗತನ ಮೂರೂ ಅವಳ ಕೈಯಲ್ಲಿದ್ದವು. ಅವಳು ಸಾಕೆಂದರೆ ಸಾಕು.

ಅಪ್ಪ ಶಾಲಾ ಮಾಸ್ತರರು. ಒಂದು ಸಂಜೆ ಪತ್ರಿಕೆ ಹಿಡಿದು, ಬರಲಿರುವ ಸಂವಿಧಾನವನ್ನು ಮನೆಮಂದಿಗೆ ವಿವರಿಸತೊಡಗಿದರು. ದಿಲ್ಲಿಗೊಂದು ಸರಕಾರ, ರಾಜ್ಯಕ್ಕೊಂದು. ಸೈನ್ಯ, ರೈಲು ಅವರ ಪಟ್ಟಿಯಲ್ಲಿ, ಹೊಲ, ಶಾಲೆ ನಮ್ಮ ಪಟ್ಟಿಯಲ್ಲಿ. ಜನ ಆರಿಸುವವರು ಶಾಸಕರು, ಅವರಲ್ಲಿ ಹೆಚ್ಚಿನವರ ಒಪ್ಪಿಗೆ ಪಡೆದವರು ಮಂತ್ರಿಗಳು.

“ಮತ್ತ ನಮ್ಮ ನಿಜಾಮ ನವಾಬರು?” ಎಂದಳು ಆಯಿ.

“ರಾಜಪ್ರಮುಖ ಅಂತ ರಾಜ್ಯಪಾಲರ ಜಾಗಾದಾಗ ಇರ್ತಾರವ್ವ. ಹುಕುಮೆಲ್ಲಾ ಅವರ ಹೆಸರಿಲೇ ಹೊಂಡತಾವು. ಆದ್ರ ಮಂತ್ರಿಗಳು ಹೇಳಿದಂಗ ರುಜು ಹಾಕಬೇಕು.”

“ಹುಕುಮು ತಪ್ಪಿದ್ರ ಬೈಗಳ ಯಾರಿಗೆ?”

“ಮಂತ್ರಿಗಳಿಗೆ. ಶಾಸಕರು ಅವರನ್ನ ಇಳಿಸಿಬಿಡ್ತಾರ.”

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅವ್ವ, ಚಿಗವ್ವ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮರುದಿನ ಅವ್ವ, ಚಿಗವ್ವ ಇಬ್ಬರೂ ಅವಳೆದುರು ಬಂದು ನಿಂತರು. ಆ ಮನೆಯಲ್ಲಿ ಸೊಸೆಯರು ಹಾಗೆ ನಿಂತದ್ದನ್ನು ನಾನು ಕಂಡಿರಲೇ ಇಲ್ಲ. ಅವ್ವನೇ ಮೊದಲು ಬಾಯಿ ಬಿಟ್ಟಳು.

“ಅತ್ತಿ, ಹುಡುಗಿನ್ನ ಕೊಪ್ಪಳದ ಸಾಲಿಗೆ ಹಾಕಬೇಕಂತ ನಾವಿಬ್ಬರೂ ಮಾತಾಡೀವ್ರಿ.”

“ನನ್ನ ತವರುಮನಿ ಅಲ್ಲೇ ಐತಲ್ರಿ,” ಎಂದಳು ಚಿಗವ್ವ. “ಹೆಚ್ಚುಕಡಿಮಿ ಆದ್ರ ಬೈಗಳ ನಮಗ ಬರಲಿ ಬಿಡ್ರಿ.”

ಸಿಡಿಲಿಗೆ ಕಾದಿದ್ದೆವು, ಬಂದದ್ದು ಹನಿ. ಆಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಇಷ್ಟು ವರ್ಷ ಈ ಮನಿ ಭಾರ ಒಬ್ಬಾಕಿನ ಹೊತ್ತೇನಿ. ಎಲ್ಲಿ ತಪ್ಪತೈತೋ ಅಂತ ಎದಿ ಝಲ್ ಅಂತಿತ್ತು. ಅದಕ್ಕ ಎಲ್ಲಾದಕ್ಕೂ ಬ್ಯಾಡ ಅಂತಿದ್ದೆ. ಹೋಗ್ಲಿ ಬಿಡ್ರಿ. ನನ್ನ ರುಜು ಐತಿ.”

ನಾವು ದರ್ಪವೆಂದು ತಿಳಿದು ದೂರ ನಿಂತದ್ದು ಬರಿಯ ಹೆದರಿಕೆಯಾಗಿತ್ತು. ಹತ್ತಿರ ಹೋಗಿ ಕೇಳುವ ಧೈರ್ಯ ಅಲ್ಲಿಯವರೆಗೆ ಯಾರಿಗೂ ಬಂದಿರಲಿಲ್ಲ.

ಸುದ್ದಿ ಮಂಗಳೂರಿಗೆ ಮುಟ್ಟಿತು. ಕಡಲ ಮಂಗಳೂರಲ್ಲ, ನಮ್ಮ ಸೀಮೆಯದೇ ಹಳ್ಳಿ. ಅಲ್ಲಿದ್ದ ಅಜ್ಜನ ಅಣ್ಣ, ನಮ್ಮ ದೊಡ್ಡಜ್ಜ, ಚಕ್ಕಡಿ ಹೂಡಿಕೊಂಡು ಬಂದೇಬಿಟ್ಟರು.

“ಹೆಣ್ಣುಹುಡುಗಿಗೆ ಊರು ಬಿಡಸ್ತೀರಿ, ನನ್ನ ಒಂದು ಮಾತು ಕೇಳಬಾರದೇನು?”

ಭಾವನವರ ಮುಂದೆ ಎಂದೂ ತುಟಿ ಬಿಚ್ಚದ ಆಯಿ ಬಾಗಿಲ ಮರೆಯಿಂದ ಅಪ್ಪನಿಗೆ ಹೇಳಿದಳು: “ಸಾಲಿ ನಮ್ಮ ಪಟ್ಟಿಯೊಳಗಿಂದು ಅಂತ ಹೇಳು ಅವರಿಗೆ. ಮನಿ ಮಂತ್ರಿಗಳಿಬ್ಬರೂ ಹೇಳ್ಯಾರ, ನಾನು ರುಜು ಹಾಕೇನಿ.”

ಇದೇನು ಭಾಷೆಯೆಂದು ದೊಡ್ಡಜ್ಜ ಬೆಪ್ಪಾದರು. ಅಪ್ಪ ತೊದಲುತ್ತ ಮತ್ತೊಮ್ಮೆ ಇಡೀ ಸಂವಿಧಾನವನ್ನು ಒಪ್ಪಿಸಬೇಕಾಯಿತು. ಕೇಳಿ ಮುಗಿಸಿದ ದೊಡ್ಡಜ್ಜ ತಂಬಿಗೆ ನೀರನ್ನೂ ಕುಡಿದು ಮುಗಿಸಿದರು.

“ಮದುವಿ ಯಾರ ಪಟ್ಟಿಯೊಳಗ ಐತೋ?”

“ಎರಡೂ ಸರಕಾರಕ್ಕ ಸೇರಿದ ಪಟ್ಟಿಯೊಳಗ ಐತಿ, ದೊಡ್ಡಪ್ಪ.”

“ಹಂಗಾದ್ರ ಅವಾಗ ನನ್ನ ಕೇಳ್ರಿ,” ಎಂದು ಮೀಸೆಯಲ್ಲೇ ನಕ್ಕರು.

ಎಳ್ಳಮಾಸಿ ಹಬ್ಬ ಮುಗಿದ ಮೇಲೆ ನಾನು ಕೊಪ್ಪಳಕ್ಕೆ ಹೊರಟದ್ದು ಅವರ ಚಕ್ಕಡಿಯಲ್ಲಿಯೇ. ಆಯಿ ಹೊರಗೆ ಬಂದು ನನ್ನ ಕೈ ಹಿಡಿದುಕೊಂಡಳು. “ರುಜು ಹಾಕೇನಿ ಖರೆ ಕೂಸ, ಕೈ ಬಿಡವಲ್ದು ನೋಡು,” ಎಂದಳು. ಎತ್ತುಗಳು ಹೆಜ್ಜೆ ಕಿತ್ತವು. ಆಯಿ ಕೈ ಬಿಡದೆ, ಊರ ಅಗಸಿ ಬಾಗಿಲವರೆಗೂ ಚಕ್ಕಡಿಯ ಪಕ್ಕದಲ್ಲೇ ನಡೆದು ಬಂದಳು.