ಕೂಗು ಮುಟ್ಟದ ಹಿಂಡು

ಹೆದರುವುದೇ ನನ್ನ ಮುಖ್ಯ ಉದ್ಯೋಗ. ಮಿಕ್ಕ ವೇಳೆಯಲ್ಲಿ ಮಾಸ್ತರಿಕೆ ಮಾಡುತ್ತಿದ್ದೆ. ಬೋರಾಮಣಿಯ ಶಾಲೆಗೆ ಹಂಗಾಮಿ ಹೆಡ್ ಮಾಸ್ತರನಾಗಿ ಬಂದಾಗ ನನಗೆ ನಲವತ್ತೆರಡು. ಸೋಲಾಪುರದಲ್ಲಿ ಖಾದಿ ಟೋಪಿ ಕಂಡಲ್ಲಿ ಲಾಠಿ ಬೀಳುತ್ತಿದ್ದ ದಿನಗಳು ಮುಗಿದು ಇನ್ನೂ ವರ್ಷ ತುಂಬಿರಲಿಲ್ಲ. ಟೋಪಿಯ ಮಾತಿರಲಿ, ಧೋತರ ಹೆಚ್ಚು ಬೆಳ್ಳಗೆ ಕಂಡೀತೆಂದು ಒಗೆಯುವಾಗ ನೀಲಿ ಹಾಕಬೇಡ ಅಂತ ಹೆಂಡತಿಗೆ ಹೇಳಿದವನು ನಾನು.

ಆ ವರ್ಷ ತಪಾಸಣೆಗೆ ಬರುವ ಸಾಹೇಬರು ಒಳ್ಳೆಯ ಅಭಿಪ್ರಾಯದ ಶೆರಾ ಬರೆದರೆ ನಾನು ಕಾಯಂ ಆಗುವವನಿದ್ದೆ. ಹದಿನೇಳು ವರ್ಷ ಒಂದೂರಿಂದ ಒಂದೂರಿಗೆ ಪೆಟ್ಟಿಗೆ ಹೊತ್ತವನಿಗೆ ಕಾಯಂ ಅನ್ನುವ ಶಬ್ದ ಎಷ್ಟು ರುಚಿ ಎಂಬುದನ್ನು ಬರೆದು ತಿಳಿಸುವುದು ಕಷ್ಟ. ಹಾಗಾಗಿ ತಪಾಸಣೆಗೆ ಒಂದು ತಿಂಗಳು ಮೊದಲೇ ಮಕ್ಕಳಿಗೆ ಉರು ಹೊಡೆಸಲು ಶುರು ಮಾಡಿದೆ. ಮೇಲಿನ ತರಗತಿಯ ಇತಿಹಾಸದಲ್ಲಿ ಸಾಹೇಬರು ತಪ್ಪದೆ ಕೇಳುವ ಪ್ರಶ್ನೆ ಒಂದಿತ್ತು: ಮೌರ್ಯರ ಮಹಾಸಾಮ್ರಾಜ್ಯ ಏಕೆ ಅಳಿಯಿತು? ಪುಸ್ತಕದ ಉತ್ತರ ಸರಳ. ಅರಸ ಕಳಿಂಗದ ರಕ್ತ ನೋಡಿ ಮರುಗಿದ, ಕತ್ತಿ ಕೆಳಗಿಟ್ಟ; ಅವನ ದಯೆಯಿಂದ ದಂಡು ಮೆತ್ತಗಾಯಿತು; ಗಡಿಯಾಚೆಯವರು ನುಗ್ಗಿದರು. ಪುಸ್ತಕ ಮರಾಠಿಯದು, ಮಕ್ಕಳ ಮನೆಮಾತು ಕನ್ನಡ. ಮರಾಠಿಯಲ್ಲಿ ಹಾಡಿಸುತ್ತಿದ್ದೆ, ಕನ್ನಡದಲ್ಲಿ ತಿಳಿಸಿ ಹೇಳುತ್ತಿದ್ದೆ.

ಶಾಲೆ ನಡೆಯುತ್ತಿದ್ದದ್ದು ಬೀರೋಬನ ಗುಡಿಯ ಪೌಳಿಯಲ್ಲಿ. ಬಿಸಿಲೇರಿದ ಮೇಲೆ ಕುರುಬರ ಹಿರಿಯನೊಬ್ಬ ಅಲ್ಲಿಯೇ ಕಂಬಕ್ಕೆ ಒರಗಿ ಉಣ್ಣೆ ನೂಲುತ್ತ ಕೂಡುತ್ತಿದ್ದ. ಕಂಬ ದೇವರದ್ದು, ನಾವು ಅವನನ್ನು ಎಬ್ಬಿಸುವ ಹಾಗಿರಲಿಲ್ಲ. ಒಂದು ದಿನ ಮಕ್ಕಳು ಆ ಉತ್ತರವನ್ನು ಹತ್ತನೆಯ ಸಲವೋ ಏನೋ ಒಪ್ಪಿಸಿ ಮನೆಗೆ ಹೋದ ಮೇಲೆ, ಅದರ ಅರ್ಥವೇನೆಂದು ಮುದುಕ ನನ್ನನ್ನು ಕೇಳಿದ. ಹೇಳಿದೆ. ನೂಲು ಸುತ್ತುವುದನ್ನು ನಿಲ್ಲಿಸಿ, ಪಾಪ ಆ ರಾಜನ ಮೇಲೆ ಯಾಕೆ ಹಾಕುತ್ತೀರಿ ಅಂದ.

ನಂತರ ತನ್ನ ಮನೆತನದ ಕತೆ ಹೇಳಿದ. ದಸರೆ ಮುಗಿದು ಕುರಿಗಳನ್ನು ದೂರದ ಹೊಲಗಳಿಗೆ ಹೊಡೆದುಕೊಂಡು ಹೋಗುವ ದಿನ ಅವರಲ್ಲಿ ಒಂದು ರೂಢಿಯಿದೆ. ಹಿಂಡಿನ ಮುಂದೆ ಅಣ್ಣ ನಿಲ್ಲುತ್ತಾನೆ, ಬಾಲದ ಕಡೆ ತಮ್ಮ. ಅಣ್ಣ ಒಮ್ಮೆ ಕೂಗುತ್ತಾನೆ. ಕೇಳಿಸಿದರೆ ತಮ್ಮ ಹೂಂ ಅಂತ ಮರುಕೂಗು ಕೊಡಬೇಕು. ಕೊಡದಿದ್ದರೆ ಹಿಂಡು ಅಳತೆ ಮೀರಿದೆ ಎಂದರ್ಥ. ದೇವರ ಭಂಡಾರದ ಅರಿಶಿನ ಹಾರಿಸಿ ಅಲ್ಲಿಯೇ ಎರಡಾಗಿ ಒಡೆಯುತ್ತಾರೆ. ಅದರಲ್ಲಿ ಜಗಳವಿಲ್ಲ, ಮುನಿಸಿಲ್ಲ. ಒಂದು ವರ್ಷ ಇವರ ಹಿಂಡು ಎಷ್ಟು ಬೆಳೆದಿತ್ತೆಂದರೆ, ಅದು ಹಾದುಹೋಗುವುದನ್ನು ನೋಡಲು ಊರ ಮಂದಿ ಗುಡಿಯ ಕಟ್ಟೆ ಹತ್ತುತ್ತಿದ್ದರಂತೆ. ಅಣ್ಣನಿಗೆ ಅದೇ ದೊಡ್ಡ ಹೆಮ್ಮೆ. ಆ ದಸರೆಯಲ್ಲಿ ಅಣ್ಣ ಕೂಗಿದ. ತಮ್ಮನಿಗೆ ಏನೂ ಕೇಳಿಸಲಿಲ್ಲ. ಆದರೆ ಮುಂದೆ ಎದ್ದ ಧೂಳು ನೋಡಿ, ಈಗ ಕೂಗಿರಬೇಕೆಂದು ಅಂದಾಜು ಮಾಡಿ, ಹೂಂ ಅಂತ ಗಂಟಲು ಹರಿಯುವ ಹಾಗೆ ಕೂಗಿಬಿಟ್ಟ. ಅದು ಅಣ್ಣನಿಗೆ ಮುಟ್ಟಿತು, ಹಿಂಡು ಒಡೆಯದೆ ಹೊರಟಿತು. ಸುಗ್ಗಿಯ ಹೊತ್ತಿಗೆ ಬಾಲದ ಕುರಿಗಳಲ್ಲಿ ಅರ್ಧ ತೋಳದ ಪಾಲಾಗಿದ್ದವು. ಮುಂದಿದ್ದ ಅಣ್ಣನಿಗೆ ಗೊತ್ತೇ ಇಲ್ಲ.

“ತ್ವಾಳ ಯಾವಾಗ ಇರಲಿಲ್ಲ, ಮಾಸ್ತರ?” ಅಂದ. “ನಮ್ಮಜ್ಜನ ಕಾಲಕ್ಕೂ ಇತ್ತು. ತ್ವಾಳ ಬಂತಂತ ಹಿಂಡು ಹಾಳಾಗಲಿಲ್ಲ. ಕೇಳದನ ಹೂಂ ಅಂದ್ನಲ್ಲ ತಮ್ಮ, ಅವತ್ತೇ ಹೋತು. ಕುರಿ ಸತ್ತಿದ್ದು ಆಮ್ಯಾಲೆ.”

ಆ ತಮ್ಮ ಯಾರು ಅಂತ ಕೇಳಿದೆ.

“ನಾನೇ ಮತ್ತ. ಅಣ್ಣಗ ಇಲ್ಲ ಅನ್ನಾಕ ಅಂಜಿದ್ನಿ.”

ಈ ಮಾತು ನನಗೆ ನಾಟಬಾರದ ಕಡೆ ನಾಟಿತು. ಹದಿನೇಳು ವರ್ಷದ ನನ್ನ ನೌಕರಿಯೆಲ್ಲ ಸೋಸಿ ನೋಡಿದರೆ ಉಳಿಯುವುದು ಬರೀ ಹೂಂಗಳೇ. ಮಕ್ಕಳಿಗೆ ಅರ್ಥವಾಗಿದೆಯೇ ಅಂದರೆ ಹೂಂ. ಸರಕಾರದ ಹೊಸ ಪುಸ್ತಕ ಚೆನ್ನಾಗಿದೆಯೇ ಅಂದರೆ ಹೂಂ, ಬಹಳ ಚೆನ್ನಾಗಿದೆ. ಆದರೂ ಮಕ್ಕಳಿಗೆ ಪುಸ್ತಕದ ಉತ್ತರವನ್ನೇ ಉರು ಹೊಡೆಸಿದೆ. ಕುರುಬನ ಕತೆ ಕೇಳಿ ಕಾಯಂ ಬಿಟ್ಟುಕೊಡುವಷ್ಟು ಹುಚ್ಚು ನನಗಿನ್ನೂ ಹಿಡಿದಿರಲಿಲ್ಲ.

ತಪಾಸಣೆಯ ದಿನ ಮಕ್ಕಳು ಒಂದಕ್ಷರವೂ ತಪ್ಪದೆ ಒಪ್ಪಿಸಿದರು. ಸಾಹೇಬರಿಗೆ ಸಂತೋಷವಾಯಿತು. ಇವತ್ತಿಗೂ ಕೆಲವರು ಪೆಟ್ಟು ತಿನ್ನಿ, ಕೈ ಎತ್ತಬೇಡಿ ಎಂದು ಊರೂರಿಗೆ ಸಾರುತ್ತಿದ್ದಾರೆ, ಅವರ ಮಾತು ಕೇಳಿದರೆ ದೇಶಕ್ಕೆ ಮೌರ್ಯರ ಗತಿಯೇ ಎಂದು ಮಕ್ಕಳಿಗೆ ಬುದ್ಧಿ ಹೇಳಿದರು. ಶೆರಾ ಬರೆಯಲು ಪೆನ್ನಿನ ಟೊಪ್ಪಿಗೆ ತೆಗೆದರು. ಬರೆಯುವ ಮುಂಚೆ, ಮರ್ಯಾದೆಗೆಂದು, ಮಾಸ್ತರರಿಗೂ ಹಾಗೆಯೇ ಅನ್ನಿಸುತ್ತದಲ್ಲವೇ ಎಂದು ಕೇಳಿದರು. ನಾನು ಹೂಂ ಅನ್ನಲೆಂದೇ ಬಾಯಿ ತೆರೆದೆ. ಬರಲಿಲ್ಲ.

ಹೆದರಿದಾಗ ನನ್ನ ಮರಾಠಿಗೆ ವಿಪರೀತ ವಿನಯ ಬರುತ್ತದೆ. ಆ ವಿನಯದ ಮರಾಠಿಯಲ್ಲಿಯೇ ಪುಸ್ತಕ ತಪ್ಪು ಎಂದು ಅರಿಕೆ ಮಾಡಿಕೊಂಡೆ. ಪಾಟಲಿಪುತ್ರದಲ್ಲಿ ಕೂತ ಅರಸ ತನ್ನ ಮಾತನ್ನು ಇತ್ತ ರಾಯಚೂರು ಸೀಮೆಯ ಬಂಡೆಯ ತನಕ ಕೆತ್ತಿಸಿದ. ದನಿ ಮುಟ್ಟದ್ದಕ್ಕೇ ಕಲ್ಲು ಬೇಕಾಯಿತು. ತುದಿಯ ಅಧಿಕಾರಿಗಳು ಕೇಳಿಸದಿದ್ದರೂ ಕೇಳಿಸಿತು ಅಂದರು, ಮುಂದಿದ್ದವರು ಅದನ್ನೇ ನಂಬಿದರು. ಅರಸನ ದಯೆಯಿಂದ ಯಾವ ರಾಜ್ಯವೂ ಹೋಗಲಿಲ್ಲ. ಅಷ್ಟು ದೂರದವರನ್ನು ಒಂದೇ ಕೂಗಿನಲ್ಲಿ ಆಳುತ್ತೇನೆ ಅನ್ನುವ ಹೆಮ್ಮೆಯಿಂದ ಹೋಯಿತು.

ಸಾಹೇಬರು ಪೆನ್ನು ಎತ್ತಿ ಹಿಡಿದೇ ನನ್ನ ಕಡೆ ತಿರುಗಿದರು. ಮಾಸ್ತರ, ನೀವು ಯಾವ ಸಾಮ್ರಾಜ್ಯದ ಮಾತಾಡುತ್ತಿದ್ದೀರಿ ಎಂದು ಕೇಳಿದರು.

ಮೌರ್ಯರದ್ದು ಅಂದೆ. ಆಣೆ ಮಾಡಿ ಹೇಳುತ್ತೇನೆ, ಅವರು ಕೇಳುವ ತನಕ ಬೇರೊಂದು ಸಾಮ್ರಾಜ್ಯ ನನ್ನ ತಲೆಗೆ ಬಂದಿರಲಿಲ್ಲ. ಬಂದಿದ್ದರೆ ಬಾಯಿ ಬಿಡುವ ಪೈಕಿ ನಾನಲ್ಲ. ಕೇಳಿದ ಮೇಲೆ ಹೊಳೆಯಿತು. ಏಳು ಸಮುದ್ರದ ಆಚೆಯಿಂದ ಬರುವ ಕೂಗು, ಬೋರಾಮಣಿಯಲ್ಲಿ ನಾನು ಅನ್ನುವ ಹೂಂ. ಒಮ್ಮೆ ಹೊಳೆದದ್ದು ಆಮೇಲೆ ಹೋಗಲೂ ಇಲ್ಲ. ಸಾಹೇಬರು ಏನೂ ಬರೆಯದೆ ಪೆನ್ನು ಮುಚ್ಚಿದರು.

ವಾರದೊಳಗೆ ಕಾಗದ ಬಂತು. ಮಕ್ಕಳೆದುರು ಪಠ್ಯವನ್ನು ಅಲ್ಲಗಳೆದದ್ದಕ್ಕೆ ತಪ್ಪೊಪ್ಪಿಕೊಂಡು ಮಾಫಿ ಬರೆದುಕೊಟ್ಟರೆ ಕಾಯಂ ಮಾಡುವ ವಿಚಾರ ಮುಂದುವರಿಯುವುದು, ಇಲ್ಲದಿದ್ದರೆ ಇಲ್ಲ. ಎಂಟು ದಿನದ ಮುದತು. ನಾನು ಮಾಫಿಯನ್ನು ಮೂರು ನಮೂನೆಯಲ್ಲಿ ಬರೆದೆ, ಮೂರನ್ನೂ ಹರಿದೆ. ನನ್ನ ಹೆಂಡತಿ ಅಕ್ಕಲಕೋಟೆಯವಳು, ಮಾತನ್ನು ಒಲೆಯ ಮೇಲೆ ಇಟ್ಟು ಕಾಯಿಸುವ ಅಭ್ಯಾಸ ಅವಳಿಗಿಲ್ಲ. ಹರಿದ ಕಾಗದ ಆರಿಸಿ ಒಲೆಗೆ ಹಾಕುತ್ತ ಹೇಳಿದಳು:

“ಕಾಯಂ ಆದ್ರೂ ನೀವು ಹೆದರಾವ್ರೇ, ಆಗದಿದ್ರೂ ಹೆದರಾವ್ರೇ. ಅದೇನ್ ಬಿಡಂಗಿಲ್ಲ. ಖರೇದ್ದು ಬರದು ಹೆದರ್ರಿ.”

ಇಷ್ಟು ವರ್ಷ ನನ್ನ ರೋಗಕ್ಕೆ ಇಷ್ಟು ನೆಟ್ಟಗಿನ ಔಷಧ ಯಾರೂ ಹೇಳಿರಲಿಲ್ಲ. ಕೂತು ಬರೆದೆ. ಪುಸ್ತಕದ ಉತ್ತರ ಸಾಲದು. ಯಾಕೆ ಸಾಲದು ಎಂಬುದಕ್ಕೆ ಕಾರಣ ಇಂತಿಷ್ಟು. ಮಕ್ಕಳೆದುರು ಆಡಿದ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಕೊನೆಯ ಸಾಲಿನಲ್ಲಿ ಅಕ್ಷರ ಸೊಟ್ಟಗಾಯಿತು. ತಿದ್ದಲಿಲ್ಲ.

ಟಪಾಲಿಗೆ ಹಾಕಿದರೆ ಕಳೆದೀತೆಂಬ ಹೆದರಿಕೆ. ಅದಕ್ಕೇ ಸೋಲಾಪುರಕ್ಕೆ ನಾನೇ ಹೋದೆ. ಕಚೇರಿಯ ಕಾರಕೂನನಿಗೆ ಲಕೋಟೆ ಕೊಟ್ಟು, ಮುಟ್ಟಿದ್ದಕ್ಕೆ ಪಾವತಿ, ಅಂದರೆ ರಸೀದಿ, ಕೇಳಿದೆ. ಅವನು ನಕ್ಕ.

“ಮಾಫಿ ಅರ್ಜಿಗೆ ಪಾವತಿ ಯಾರು ಕೇಳ್ತಾರ್ರಿ, ಮಾಸ್ತರ? ಇಟ್ಟು ಹೋಗ್ರಿ.”

“ಮಾಫಿ ಅಲ್ರಿ ಇದು. ಓದಿ ನೋಡಿ ಸಿಕ್ಕಾ ಹಾಕ್ರಿ.”

ಓದಿದ. ನಗು ಹೋಯಿತು. ತಾನು ಇದನ್ನು ಕಂಡೇ ಇಲ್ಲ ಅಂತ ತಿಳಿಯಿರಿ, ಮನೆಗೆ ಒಯ್ದು ಬೇರೆ ಬರೆದು ತನ್ನಿ ಎಂದು ತಗ್ಗಿದ ದನಿಯಲ್ಲಿ ಹೇಳಿ ಲಕೋಟೆಯನ್ನು ನನ್ನ ಕಡೆ ಸರಿಸಿದ. ಒಳ್ಳೆಯ ಮನುಷ್ಯ. ನಾನು ಮೇಜಿನ ಅಂಚು ಹಿಡಿದು ನಿಂತೆ, ಲಕೋಟೆ ಮುಟ್ಟಲಿಲ್ಲ. ನನ್ನ ಹಿಂದೆ ನಿಂತವರು ಗೊಣಗಿದರು. ಕೊನೆಗೆ ಅವನು ಸಿಕ್ಕಾದ ಮೊಹರು ಒತ್ತಿ ಪಾವತಿ ಕೊಟ್ಟ.

ಕಾಯಂ ಆಗಲಿಲ್ಲ. ಜೂನಿನಲ್ಲಿ ಜಿಲ್ಲೆಯ ತುದಿಯ ಹಳ್ಳಿಯೊಂದಕ್ಕೆ ಕೈಕೆಳಗಿನ ಮಾಸ್ತರನಾಗಿ ಹಾಕಿದರು. ಅಲ್ಲಿಯೂ ಅದೇ ಪುಸ್ತಕ, ಅದೇ ಪ್ರಶ್ನೆ. ಮಕ್ಕಳಿಗೆ ಪುಸ್ತಕದ ಉತ್ತರ ಬರೆಸುತ್ತೇನೆ, ಅವರ ಪರೀಕ್ಷೆ ಕೆಡಿಸುವ ಹಕ್ಕು ನನಗಿಲ್ಲ. ಕೆಳಗೆ ಒಂದು ಗೆರೆ ಎಳೆಸಿ, ನನ್ನದನ್ನೂ ಬರೆಸುತ್ತೇನೆ. ಬಾಗಿಲ ಕಡೆ ಒಂದು ಕಣ್ಣಿಟ್ಟೇ ಹೇಳುತ್ತೇನೆ, ನಿಜ. ಆದರೆ ದನಿ ತಗ್ಗಿಸಿ ಹೇಳುವುದಿಲ್ಲ.