ಕೇಳಿ ಹೇಳುವ ಫೋನು

ಸಂಜೆ ಐದು ಗಂಟೆ ನಲವತ್ತು ನಿಮಿಷಕ್ಕೆ ಗುಂಡಿಯಮ್ಮ ಅಂಗಿಯೊಂದನ್ನು ಮಡಿಲಲ್ಲಿ ಹರಡಿಕೊಂಡು, ಗುಂಡಿ ಹೊಲಿಯುವುದನ್ನು ಬಿಟ್ಟು, ಅದರ ಕಾಜಾಗಳನ್ನು ಬೆರಳ ತುದಿಯಿಂದ ಒಂದೊಂದಾಗಿ ಸವರಿ ನೋಡುತ್ತಿದ್ದಳು. ಕಿಟಕಿಯಲ್ಲಿ ಬೆಳಕು ಬೇಕಾದಷ್ಟಿತ್ತು. ಆದರೆ ಕಣ್ಣು ಹೇಳಿದ್ದನ್ನು ಬೆರಳನ್ನು ಕೇಳದೆ ನಂಬುವವಳಲ್ಲ ಅವಳು. ಬೆರಳೂ ಅದನ್ನೇ ಹೇಳಿತು. ಹೊಲಿಗೆ ನಡುಗಿತ್ತು.

ಕಾಜಾ ಎಂದರೆ ಗುಂಡಿ ತೂರುವ ಸೀಳು. ಅಂಚು ಬಿಚ್ಚಿಕೊಳ್ಳದಂತೆ ಅದರ ಸುತ್ತ ದಾರ ಹೆಣೆಯಬೇಕು. ಕೊನೆಯ ಗಂಟನ್ನು ಎಲ್ಲರೂ ಬಟ್ಟೆಯ ಒಳಮಗ್ಗುಲಿಗೆ ಬಿಡುತ್ತಾರೆ. ಒಬ್ಬಳು ಮಾತ್ರ ಅದನ್ನು ಹೆಣಿಗೆಯೊಳಗೇ ಹುದುಗಿಸಿ, ಹುಡುಕಿದರೂ ಸಿಗದಂತೆ ಮಾಡುತ್ತಿದ್ದಳು. ಅವಳು ಕಾಜಕ್ಕ. ಇಬ್ಬರಿಗೂ ಹುಟ್ಟಿದಾಗ ಇಟ್ಟ ಹೆಸರು ಬೇರೆ ಇದ್ದವು. ಅಂಗಿ ಕಾರ್ಖಾನೆಗೆ ಸೇರಿದ ವಾರದಲ್ಲೇ ಅವು ಬಿದ್ದುಹೋದವು.

ಕಾರ್ಖಾನೆ ಪೇಟೆಬೀದಿಯಲ್ಲಿತ್ತು. ಬೀದಿಯ ಒಂದು ಮಗ್ಗುಲಿಗೆ ಮೇಲಿನ ಓಣಿ, ಇನ್ನೊಂದು ಮಗ್ಗುಲಿಗೆ ಕೆಳಗಿನ ಓಣಿ. ಗುಂಡಿಯಮ್ಮ ಮೇಲಿನವಳು, ಕಾಜಕ್ಕ ಕೆಳಗಿನವಳು. ಇಬ್ಬರಿಗೂ ಒಂದೇ ಮೇಜು. ಕಾಜಾ ಹಾಕಿದ ಅಂಗಿ ಆ ಕಡೆಯಿಂದ ಈ ಕಡೆಗೆ ಜಾರಿ ಬರುತ್ತಿತ್ತು, ಅದರ ಬೆನ್ನಿಗೇ ಒಂದು ಮಾತೂ ಬರುತ್ತಿತ್ತು. ಬಾಯಿಗೆ ತಾನು ಸಂಬಳ ಕೊಡುವುದಿಲ್ಲ ಎಂದು ಯಜಮಾನ ಒಮ್ಮೆ ಗದರಿಕೊಂಡಾಗ ಕಾಜಕ್ಕ ತಲೆಯೆತ್ತದೆ, "ಪುಕ್ಕಟೆ ದುಡೀತಿದೆ ಯಜಮಾನ್ರೇ, ಲಾಭ ನಿಮಗೇ" ಅಂದಿದ್ದಳು. ಯಜಮಾನ ನಕ್ಕು ಹೋಗಿದ್ದ. ಗುಂಡಿಯಮ್ಮ ಮದುವೆಯಾಗಿದ್ದು, ಮಗು ಕಳೆದುಕೊಂಡಿದ್ದು, ಕಾಜಕ್ಕನಿಗೆ ಮೊದಲ ಸಲ ಹಲ್ಲು ಅಲುಗಾಡಿದ್ದು ಎಲ್ಲವೂ ಆ ಮೇಜಿನ ಮೇಲೆ ಹಾದುಹೋಗಿದ್ದವು.

ಆ ಮೇಜು ಒಂದು ರಾತ್ರಿ ಸುಟ್ಟುಹೋಯಿತು. ಮೇಲಿನ ಓಣಿಯ ಹುಡುಗನನ್ನು ಕೆಳಗಿನವರು ಹೊಡೆದು ಚರಂಡಿಗೆ ಎಸೆದಿದ್ದಾರೆಂದು ಸಂಜೆ ಯಾರೋ ಅಂದರು. ಕತ್ತಲಾಗುವಷ್ಟರಲ್ಲಿ ಕಡ್ಡಿ ಗುಡ್ಡವಾಗಿತ್ತು. ಬೆಳಗಿನ ಹೊತ್ತಿಗೆ ಕಾರ್ಖಾನೆ ಬೂದಿ, ಓಣಿಗೊಂದು ಹೆಣ. ಹುಡುಗ ಸೈಕಲ್ಲಿನಿಂದ ಬಿದ್ದಿದ್ದ. ಊರು ಉರಿಯುತ್ತಿದ್ದಾಗ ಅವನು ಆಸ್ಪತ್ರೆಯಲ್ಲಿ ಮೊಣಕಾಲಿಗೆ ಹೊಲಿಗೆ ಹಾಕಿಸಿಕೊಳ್ಳುತ್ತಿದ್ದ.

ಆಮೇಲೆ ಶಾಂತಿ ಸಮಿತಿ ಆಯಿತು. ಎರಡೂ ಓಣಿಯ ದೊಡ್ಡವರು ಶಾಲೆಯ ಕೋಣೆಯಲ್ಲಿ ಮಕ್ಕಳ ಬೆಂಚಿನ ಮೇಲೆ ಮೊಣಕಾಲು ಎದೆಗೇರಿಸಿಕೊಂಡು ಕೂತು ಮಾತಾಡಿದರು. ದೊಡ್ಡವರೆಂದರೆ ಗಂಡಸರು. ಹೆಂಗಸರಿಗೆ ಚಹಾದ ಜವಾಬ್ದಾರಿ ಸಿಕ್ಕಿತು. ಶಾಲೆಯ ನಲ್ಲಿಯ ಹತ್ತಿರ ಲೋಟ ತೊಳೆಯುತ್ತಾ ಕಾಜಕ್ಕ ಅಂದಳು: "ಇವರು ಜಗಳ ಮುಗಿದ ಮೇಲೆ ಸೇರ್ತಾರೆ. ಶುರುವಾಗೋಕೆ ಮುಂಚೆ ಸೇರೋರು ಯಾರು?"

ಫೋನು ಹುಟ್ಟಿದ್ದು ಆ ನಲ್ಲಿಯ ಬುಡದಲ್ಲಿ. ಓಣಿಗೊಂದು ಫೋನು; ಮೇಲಿನದು ಗುಂಡಿಯಮ್ಮನ ಹತ್ತಿರ, ಕೆಳಗಿನದು ಕಾಜಕ್ಕನ ಹತ್ತಿರ. ಕೆಟ್ಟ ಸುದ್ದಿ ಕಿವಿಗೆ ಬಿದ್ದ ಹೆಂಗಸು ಅದನ್ನು ಗಂಡನಿಗೋ ಮಗನಿಗೋ ಹೇಳುವ ಮೊದಲು ತನ್ನ ಓಣಿಯ ಫೋನಿಗೆ ಹೇಳಬೇಕು. ಆ ಫೋನಿನವಳು ಇನ್ನೊಂದು ಓಣಿಯ ಫೋನಿನವಳನ್ನು ಕೇಳಬೇಕು. ಇವಳು ಯಾರನ್ನಾದರೂ ಓಡಿಸಿ, ಕಣ್ಣಾರೆ ನೋಡಿಸಿ, ಇದ್ದದ್ದನ್ನು ಇದ್ದಂತೆ ತಿಳಿಸಬೇಕು. ಮೊದಲು ಕೇಳು, ಆಮೇಲೆ ಹೇಳು. ಇನ್ನೊಂದು ಓಣಿಯಿಂದ ಕರೆ ಬಂದ ಕೂಡಲೇ ಕಿಟಕಿಗೆ ಕೆಂಪು ಬಟ್ಟೆ ಕಟ್ಟಬೇಕು. ಅದು ಇಳಿಯುವ ತನಕ ತಾಯಂದಿರು ಮಕ್ಕಳನ್ನು ಒಳಗಿಟ್ಟುಕೊಳ್ಳಬೇಕು. ಗಂಡಸರು ಮೊದಲು ನಕ್ಕರು. ಮಾರುಕಟ್ಟೆಯಲ್ಲಿ ಹೊತ್ತಿಕೊಳ್ಳಬೇಕಿದ್ದ ಎರಡು ಜಗಳ ಹೊಗೆಯಲ್ಲೇ ಆರಿದ ಮೇಲೆ ನಗುವುದನ್ನು ಬಿಟ್ಟರು.

ಮೊದಮೊದಲು ಸುದ್ದಿ ಮುಗಿದ ಮೇಲೂ ಇಬ್ಬರೂ ಹರಟುತ್ತಿದ್ದರು. ಒಂದು ಮಧ್ಯಾಹ್ನ ಕಾಜಕ್ಕ ತನ್ನ ಸೊಸೆ ಸಾರಿಗೆ ಎರಡು ಸಲ ಉಪ್ಪು ಹಾಕಿದ ಕಥೆ ಹೇಳುತ್ತಿದ್ದಳು, ಗುಂಡಿಯಮ್ಮ ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದಳು. ಅದೇ ಹೊತ್ತಿಗೆ ಪೇಟೆಬೀದಿಯಿಂದ ಒಬ್ಬಳು ಮತ್ತೆ ಮತ್ತೆ ಕರೆ ಮಾಡಿ ಸೋತಳು. ಅವಳ ಮಾತು ತಲುಪುವ ಮೊದಲೇ ಔಷಧಿ ಅಂಗಡಿಯ ಗಾಜು ಒಡೆದು ಅಂಗಡಿಯವನ ತಂಗಿಯ ಒಂದು ಕಣ್ಣು ಹೋಯಿತು. ಆವತ್ತಿನಿಂದ ಫೋನಿನಲ್ಲಿ ಸ್ವಂತ ಮಾತು ಒಂದಕ್ಷರವೂ ಇಲ್ಲ. ಈ ಕಟ್ಟಳೆಯನ್ನು ಇವರಿಬ್ಬರೇ ಮಾಡಿಕೊಂಡರು.

ನಡೆದು ಹೋಗಿ ಬರಬಹುದಿತ್ತಲ್ಲ ಎಂದರೆ, ಹೋಗುವುದು ಕಷ್ಟವಿರಲಿಲ್ಲ; ಬಂದ ಮೇಲೆ ಹತ್ತು ಬಾಯಿಗೆ ಉತ್ತರ ಕೊಡಬೇಕಿತ್ತು. ಇಬ್ಬರೂ ಒಟ್ಟಿಗೆ ಕಂಡರೆ 'ಇವಳು ಅವರ ಕಡೆಯವಳು' ಎಂಬ ಮಾತು ಹುಟ್ಟುತ್ತದೆ. ಹುಟ್ಟಿತೆಂದರೆ, ನಾಳೆ ಅವಳು 'ಆ ಸುದ್ದಿ ಸುಳ್ಳು' ಎಂದಾಗ ನಂಬುವವರು ಯಾರು?

ಹೀಗಾಗಿ ಫೋನು ಸದ್ದು ಮಾಡಿದರೆ ಊರಿಗೆ ಕೇಡು, ಮಾಡದಿದ್ದರೆ ನೆಮ್ಮದಿ. ಊರಿಗೆ ನೆಮ್ಮದಿ ಇದ್ದಷ್ಟು ಕಾಲ ಗುಂಡಿಯಮ್ಮನಿಗೆ ಕಾಜಕ್ಕನ ದನಿ ಇಲ್ಲ. ಸದ್ದಾದಾಗ ಮೊದಲು ಎದೆ ಹಾರುತ್ತಿತ್ತು. ಆ ಹೆದರಿಕೆಯ ಅಡಿಯಲ್ಲಿ ಒಂದು ಸಣ್ಣ ಹಿಗ್ಗೂ ಇರುತ್ತಿತ್ತು, ಅದಕ್ಕೆ ಅವಳು ನಾಚುತ್ತಿದ್ದಳು. ಬಸ್ ಡಿಪೋದ ಮೆಕ್ಯಾನಿಕ್ ಆಗಿದ್ದ ಗಂಡ, ತನಗಿಂತ ಆ ಫೋನೇ ಅವಳಿಗೆ ಹೆಚ್ಚು ಎಂದು ಚುಚ್ಚುತ್ತಿದ್ದ. "ಅದು ಗೊರಕೆ ಹೊಡೆಯಲ್ಲ" ಎನ್ನುತ್ತಿದ್ದಳು ಅವಳು.

ಉಳಿದದ್ದು ಅಂಗಿಗಳು. ಯಜಮಾನ ಈಗ ಕೆಲಸವನ್ನು ಮನೆಮನೆಗೆ ಕೊಡುತ್ತಿದ್ದ. ಅವನ ಗಾಡಿ ವಾರಕ್ಕೊಮ್ಮೆ ಕೆಳಗಿನ ಓಣಿಯಿಂದ ಕಾಜಾ ಹಾಕಿದ ಅಂಗಿಗಳನ್ನು ತಂದು ಮೇಲಿನ ಓಣಿಗೆ ಇಳಿಸುತ್ತಿತ್ತು. ಗುಂಡಿಯಮ್ಮ ಕಟ್ಟು ಬಿಚ್ಚಿ, ಹುದುಗಿಸಿದ ಗಂಟಿನ ಕಾಜಾಗಳಿದ್ದ ಅಂಗಿಗಳನ್ನು ಬೇರೆ ತೆಗೆದು, ಕೊನೆಗೆ ಹೊಲಿಯುತ್ತಿದ್ದಳು. ಊಟದ ಕೊನೆಗೆ ರುಚಿಯಾದದ್ದನ್ನು ಉಳಿಸಿಕೊಳ್ಳುವ ಮಕ್ಕಳ ಹಾಗೆ.

ಆ ಸಂಜೆ ನಡುಗಿದ್ದು ಆ ಹೊಲಿಗೆ. ಹೆಣಿಗೆಯ ಕಾಲುಗಳು ಒಂದು ಉದ್ದ, ಒಂದು ಗಿಡ್ಡ. ಗಂಟು ಹುದುಗಲು ಹೋಗಿ ಹೊರಗೇ ಉಳಿದಿತ್ತು. ಎಂಟು ತಿಂಗಳಿಂದ ಫೋನು ಸದ್ದು ಮಾಡಿರಲಿಲ್ಲ. ಕೈಗೆ ಏನಾಗಿದೆ? ಕೈಗೋ, ಕಣ್ಣಿಗೋ, ಇನ್ನೂ ಒಳಗಿನದಕ್ಕೋ? ಯಜಮಾನನ ಗಾಡಿಯವನನ್ನು ಕೇಳಬಹುದಿತ್ತು. ಆದರೆ ಅವನು ಒಂದು ಕೇಳಿದರೆ ಎರಡು ಹೇಳುವವನು.

ಅವಳು ಬೀರು ತೆರೆದಳು, ತಗಡಿನ ಡಬ್ಬಿಯಿಂದ ಫೋನು ತೆಗೆದಳು, ಒತ್ತಿದಳು.

"ಹೇಳು" ಅಂದಿತು ಆ ಕಡೆಯ ದನಿ. ಅದೇ ದನಿ, ಸ್ವಲ್ಪ ಒಣಗಿತ್ತು. ಗುಂಡಿಯಮ್ಮ ಬಾಯಿ ತೆರೆದಳು. ಮಾತು ನಾಲಗೆಯ ತುದಿಯವರೆಗೆ ಬಂದಿತು. ಅಷ್ಟರಲ್ಲಿ ಔಷಧಿ ಅಂಗಡಿಯ ಆ ಹುಡುಗಿಯ ಮುಖ ಕಣ್ಣ ಮುಂದೆ ಬಂದು, ಮಾತು ಅಲ್ಲೇ ನಿಂತಿತು. "ಹೇಳೇ, ಏನಾಯ್ತು?" ಗುಂಡಿಯಮ್ಮ ಫೋನು ಕಟ್ ಮಾಡಿದಳು.

ತಕ್ಷಣ ಅದು ತಿರುಗಿ ಸದ್ದು ಮಾಡಿತು. ಅವಳು ಎತ್ತಿ, ಏನೂ ಇಲ್ಲ, ಕೈ ತಾಗಿ ಹೋಯಿತು ಅಂದಳು. ಅವಳು ಮಾಡಿದ ನಿಜವಾದ ತಪ್ಪು ಇದು. ಫೋನು ಬೀರುವಿನೊಳಗಿನ ಡಬ್ಬಿಯಲ್ಲಿರುವುದು ಕಾಜಕ್ಕನಿಗೆ ಗೊತ್ತು; ಅಲ್ಲಿ ಕೈ ತಾಗುವುದಿಲ್ಲ. ಗುಂಡಿಯಮ್ಮ ಸುಳ್ಳು ಹೇಳುವವಳಲ್ಲ ಎಂಬುದೂ ಗೊತ್ತು. ಹಾಗಾದರೆ ಯಾರೋ ಪಕ್ಕದಲ್ಲಿ ನಿಂತು ಹೇಳಿಸುತ್ತಿದ್ದಾರೆ. ಕಾಜಕ್ಕ ಕೆಂಪು ಬಟ್ಟೆಯನ್ನು ಇಳಿಸಲಿಲ್ಲ. ಎಲ್ಲ ಮನೆಗೂ ಬಾಗಿಲು ಹಾಕಲು ಹೇಳಿ ಕಳಿಸಿದಳು.

ಕೆಳಗಿನ ಓಣಿಯ ಅಂಗಡಿಗಳ ಬಾಗಿಲು ಧಡಧಡ ಬಿದ್ದವು. ಅದನ್ನು ಕೇಳಿ ಮೇಲಿನ ಓಣಿಯವೂ ಬಿದ್ದವು. ಏನಾಗಿದೆಯೆಂದು ಯಾರಿಗೂ ಗೊತ್ತಿರಲಿಲ್ಲ, ಏನೋ ಆಗಿದೆಯೆಂದು ಎಲ್ಲರಿಗೂ ಗೊತ್ತಿತ್ತು. ಗುಂಡಿಯಮ್ಮ ಮೆಟ್ಟಿಲಿಳಿದು ಬರುವ ಹೊತ್ತಿಗೆ ಬೀದಿಯ ಎರಡೂ ಬದಿ ಗಂಡಸರು ನಿಂತಿದ್ದರು. ಕೆಲವರ ಕೈಯಲ್ಲಿ ದೊಣ್ಣೆ ಇತ್ತು. ಒಂದು ಕಲ್ಲು ಯಾವ ಕಡೆಯಿಂದಲೋ ಬಂದು, ಇನ್ನೂ ಅಂಗಡಿ ಮುಚ್ಚುತ್ತಿದ್ದ ಗಡಿಯಾರ ರಿಪೇರಿಯವನ ಹಣೆಗೆ ಬಿತ್ತು. ಅವಳು ಫೋನನ್ನು ಎಲ್ಲರಿಗೂ ಕಾಣುವ ಹಾಗೆ ತಲೆಯ ಮೇಲೆತ್ತಿ ಹಿಡಿದು ನಡುಬೀದಿಗೆ ಇಳಿದಳು. "ಯಾವ ಸುದ್ದಿನೂ ಇಲ್ಲ. ಕರೆ ಮಾಡಿದೋಳು ನಾನು. ತಪ್ಪು ನಂದು." ಎರಡು ಹೆಜ್ಜೆಗೊಮ್ಮೆ ಅದನ್ನೇ ಹೇಳುತ್ತಾ ದಾಟಿದಳು. ಮುದುಕಿಗೆ ದಾರಿ ಬಿಡುವುದು ದೊಣ್ಣೆ ಹಿಡಿದವರಿಗೂ ಅಭ್ಯಾಸವಾಗಿತ್ತು, ಬಿಟ್ಟರು.

ಕಾಜಕ್ಕ ಬಾಗಿಲಲ್ಲಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡಿದ್ದಳು. ಹಿಡಿದರೂ ಅದು ಅದುರುತ್ತಿತ್ತು.

"ನಿನ್ನ ಹಿಂದೆ ಯಾರಿದಾರೆ?"

"ಯಾರೂ ಇಲ್ಲ."

"ಮತ್ತೆ ಸುದ್ದಿ ಏನು?"

"ಸುದ್ದಿ ಇಲ್ಲ ಕಣೇ. ನಿನ್ನ ಕಾಜಾ ನೋಡ್ದೆ. ಕೈಗೆ ಏನಾಯ್ತು ಅಂತ ಕೇಳೋಣ ಅನ್ನಿಸ್ತು."

ಕಾಜಕ್ಕ ಅವಳನ್ನೇ ನೋಡಿದಳು. "ಮೊದಲು ಆ ಬಟ್ಟೆ ಇಳಿಸು. ಗಂಟು ಬಿಚ್ಚೋಕೆ ನನ್ನ ಕೈಲಿ ಈಗ ಆಗಲ್ಲ."

ಗುಂಡಿಯಮ್ಮ ಒಳಗೆ ಹೋಗಿ ಕಿಟಕಿಯ ಸರಳಿನಿಂದ ಕೆಂಪು ಬಟ್ಟೆಯನ್ನು ಬಿಚ್ಚಿದಳು. ಎದುರು ಮನೆಯ ಬಾಗಿಲು ತೆರೆಯಿತು, ಆಮೇಲೆ ಅದರ ಪಕ್ಕದ್ದು. ಓಣಿಯಲ್ಲಿ ಜನ ಸೇರುತ್ತಿದ್ದರು. ಕೂತುಕೊ ಎಂದು ಅವಳು ಹೇಳಲಿಲ್ಲ, ಇವಳು ಕೂರಲಿಲ್ಲ.

ಮರುದಿನ ಶಾಲೆಯ ಕೋಣೆಯಲ್ಲಿ ಸಭೆ ಸೇರಿತು. ಈ ಸಲ ಗುಂಡಿಯಮ್ಮ, ಕಾಜಕ್ಕ ಇಬ್ಬರೂ ಬೆಂಚಿನ ಮೇಲೆ ಕೂತಿದ್ದರು. ಚಹಾ ಬೇರೆ ಯಾರೋ ಮಾಡಿದರು. ಕೆಳಗಿನ ಓಣಿಯ ಮರದ ವ್ಯಾಪಾರಿ, ಹೆಂಗಸರ ಕೈಗೆ ಫೋನು ಕೊಟ್ಟರೆ ಹೀಗೇ ಆಗುವುದೆಂದೂ, ಎರಡನ್ನೂ ಸಮಿತಿಗೆ ಒಪ್ಪಿಸಬೇಕೆಂದೂ ವಾದಿಸಿದ. ಮೇಲಿನ ಓಣಿಯ ಇಬ್ಬರು ಅದಕ್ಕೆ ತಲೆಯಾಡಿಸಿದರು. ಎರಡೂ ಓಣಿಯವರು ಒಂದೇ ಮಾತಿಗೆ ತಲೆಯಾಡಿಸಿದ್ದು ಅದೇ ಮೊದಲು ಎಂದು ಹಣೆಗೆ ಪಟ್ಟಿ ಕಟ್ಟಿಕೊಂಡಿದ್ದ ಗಡಿಯಾರ ರಿಪೇರಿಯವನು ಅಂದಾಗ ಒಂದಿಬ್ಬರು ನಕ್ಕರು. ಸಮಿತಿಯ ಕೈಗೆ ಹೋದರೆ ಫೋನು ಸತ್ತಂತೆಯೇ ಎಂದು ಗುಂಡಿಯಮ್ಮನಿಗೆ ಗೊತ್ತಿತ್ತು. ಯಾವ ಹೆಂಗಸು ವ್ಯಾಪಾರಿಗೆ ಕರೆ ಮಾಡಿ, ನನ್ನ ಮಗ ಕಲ್ಲು ಆರಿಸುತ್ತಿದ್ದಾನೆ ಅನ್ನುತ್ತಾಳೆ? ಗುಂಡಿಯಮ್ಮ ಎದ್ದು, ನಡೆದದ್ದನ್ನು ನಡೆದಂತೆ ಹೇಳಿದಳು, ಕೈ ತಾಗಿತೆಂಬ ಸುಳ್ಳನ್ನೂ ಬಿಡಲಿಲ್ಲ.

ಆಮೇಲೆ ಕಾಜಕ್ಕ ಎದ್ದಳು. "ಫೋನು ತಪ್ಪು ಮಾಡಿಲ್ಲ, ಹಿಡಿದೋಳು ಮಾಡಿದಾಳೆ. ಕತ್ತರಿ ಬೆರಳು ಕುಯ್ದರೆ ಕತ್ತರಿ ಎಸೀತೀವಾ? ಫೋನು ನಮ್ಮ ಹತ್ರಾನೇ ಇರುತ್ತೆ. ಇವಳು ಅದನ್ನ ಮುಟ್ಟೋದು ಬೇಡ, ನನ್ನ ಹತ್ರ ಮಾತಾಡೋದೂ ಬೇಡ. ಎಷ್ಟು ದಿನ ಅಂತ ಇವಳೇ ಹೇಳ್ಲಿ."

ಈಗ ಮೇಲಿನ ಓಣಿಯ ಫೋನು ಗುಂಡಿಯಮ್ಮನ ಮನೆಯ ಮೇಲ್ಮಹಡಿಯಲ್ಲಿರುವ ನರ್ಸಿನ ಹತ್ತಿರ ಇದೆ. ಚುರುಕು ಹುಡುಗಿ, ಅಳೆದು ಮಾತಾಡುತ್ತಾಳೆ. ನೀರಿನ ಟ್ಯಾಂಕಿಗೆ ಯಾರೋ ವಿಷ ಹಾಕಿದರೆಂಬ ಸುದ್ದಿ ಬಂದಾಗ ಫೋನು ಮಾಳಿಗೆಯ ಮೇಲೆ ಸದ್ದು ಮಾಡಿತು. ಕೆಳಗೆ ಗುಂಡಿಯಮ್ಮ ಸೂಜಿಯನ್ನು ಗಾಳಿಯಲ್ಲೇ ನಿಲ್ಲಿಸಿ ಕೇಳಿಸಿಕೊಂಡಳು. ನರ್ಸಿನ ಹೆಜ್ಜೆ ಕೇಳಿಸಿತು, ನರ್ಸಿನ ದನಿ ಕೇಳಿಸಿತು, ಅದರ ನಡುವಿನ ಬಿಡುವುಗಳು ಕೇಳಿಸಿದವು. ಆ ಬಿಡುವುಗಳಲ್ಲಿ ಕಾಜಕ್ಕ ಇದ್ದಳು. ಟ್ಯಾಂಕಿನಲ್ಲಿ ಸತ್ತ ಪಾರಿವಾಳ ಸಿಕ್ಕಿತು, ಊರು ಮಲಗಿತು.

ಗಾಡಿ ಈಗಲೂ ಬರುತ್ತದೆ. ಕಟ್ಟು ಬಿಚ್ಚಿದರೆ ಎಲ್ಲ ಅಂಗಿಯ ಗಂಟೂ ಒಳಮಗ್ಗುಲಲ್ಲೇ ಇರುತ್ತದೆ. ಅವಳು ಬೇರೆ ತೆಗೆದಿಡುವುದಕ್ಕೆ ಏನೂ ಉಳಿದಿಲ್ಲ. ಮೇಲಿನದನ್ನು ಮೊದಲು ಹೊಲಿಯುತ್ತಾಳೆ, ಕೆಳಗಿನದನ್ನು ಕೊನೆಗೆ.

ಮೊನ್ನೆ ನರ್ಸು ಇಳಿದು ಬಂದು ಹೊಸ್ತಿಲ ಮೇಲೆ ಕೂತು, ಮುಂದಿನ ಸಲ ಕರೆ ಬಂದಾಗ ಸ್ಪೀಕರ್ ಹಾಕುತ್ತೇನೆ, ದನಿಯಾದರೂ ಕೇಳಿಸಲಿ ಅಂದಳು. ಬೇಡ ಅಂದಳು ಗುಂಡಿಯಮ್ಮ.

"ಅಲ್ಲ ಅತ್ತೆ, ಒಂದು ವಾರ ಅಂದಿದ್ರೂ ಒಪ್ಕೋತಿದ್ರು. ನಿಮ್ಮನ್ಯಾರು ಅಷ್ಟು ಕೇಳಿದ್ರು?"

ಯಾರೂ ಕೇಳಿರಲಿಲ್ಲ ನಿಜ. ಆವತ್ತು ಆ ಕೋಣೆಯಲ್ಲಿ ಮರದ ವ್ಯಾಪಾರಿ ಕೂಡ ಒಂದು ತಿಂಗಳಿಗಿಂತ ಹೆಚ್ಚು ನಿರೀಕ್ಷಿಸಿರಲಿಲ್ಲ. ಕಾಜಕ್ಕ ಬೆಂಚಿನ ಅಂಚಿಗೆ ಅದುರುವ ಕೈಯನ್ನು ಒತ್ತಿ ಹಿಡಿದು ಕಾಯುತ್ತಿದ್ದಳು. ಕಡಿಮೆ ಹೇಳು ಎಂದು ಅವಳ ಕಣ್ಣು ಬೇಡುತ್ತಿತ್ತು. ಗುಂಡಿಯಮ್ಮ ಲೆಕ್ಕ ಹಾಕಿದಳು. ವಾರವೆಂದರೆ ಇದು ಹೆಂಗಸರ ಆಟ ಅನ್ನುತ್ತಾರೆ. ತಿಂಗಳೆಂದರೆ, ಮುಂದಿನ ಕರೆ ಬಂದಾಗ ಇದು ನಿಜದ್ದೋ ಅಥವಾ ಇವರ ಸಲಿಗೆಯದ್ದೋ ಎಂದು ಯಾರಾದರೂ ಒಂದು ಗಳಿಗೆ ತಡೆಯುತ್ತಾರೆ. ಒಂದು ಕಣ್ಣು ಹೋಗಲು ಆ ಗಳಿಗೆ ಸಾಕು. ಅದುರುವ ಆ ಕೈ ಇನ್ನೆಷ್ಟು ಕಾಲ ಫೋನು ಹಿಡಿದೀತೋ ಅವಳಿಗೆ ಗೊತ್ತಿರಲಿಲ್ಲ. ಅವಳು ಕಾಜಕ್ಕನ ಮುಖವನ್ನು ಸಾಕಾಗುವಷ್ಟು ನೋಡಿದಳು, ಆಮೇಲೆ ಸಭೆಯ ಕಡೆ ತಿರುಗಿ, ಹಿಂದಿನ ಬೆಂಚಿಗೂ ಕೇಳುವ ಹಾಗೆ ಹೇಳಿದಳು:

"ಒಂದು ವರ್ಷ."